ಕೋಲು ಎಳೆದರೂ ಮೂತಿ ಏಳಲಿಲ್ಲ: ಎ320 'ಹಾರಿಸಿ' ಬಂದವನ ಗೊಂದಲ

ಠಾಣೆ ಸ್ಲೋ | ಶನಿವಾರ, ರಾತ್ರಿ 10.42

ಅಕ್ಕನ ಮಗನಿಗೆ ಹದಿನಾರು ತುಂಬಿತು. ಪೈಲಟ್ ಆಗುತ್ತೇನೆ ಅಂತ ಎರಡು ವರ್ಷದಿಂದ ಮನೆಯವರ ತಲೆ ತಿನ್ನುತ್ತಿದ್ದಾನೆ. ಈ ಸಲ ಕೇಕ್ ಬೇಡ, ಇದೇ ಇರಲಿ ಅಂತ ಅಂಧೇರಿ ಕಡೆಯ ಒಂದು ಸಿಮ್ಯುಲೇಟರ್ ಸೆಂಟರ್‌ಗೆ ಕರೆದುಕೊಂಡು ಹೋಗಿದ್ದೆ. ಹೆಸರು ಬೇಡ. ಎಸಿ ಓಡುತ್ತಿರಲಿಲ್ಲ, ಸೀಟಿನ ಆರ್ಮ್‌ರೆಸ್ಟ್ ಅಲ್ಲಾಡುತ್ತಿತ್ತು, ಹೇಳಿಕೊಡುವ ಹುಡುಗನಿಗೆ ಮುಂದಿನ ಗಿರಾಕಿಯ ಅವಸರ. ಒಂದು ಗಂಟೆ ಎ320, ಏರ್‌ಬಸ್‌ನ ಪ್ರಯಾಣಿಕರ ವಿಮಾನ. ಅರ್ಧ ಗಂಟೆ ಅವನು, ಅರ್ಧ ಗಂಟೆ ನಾನು. ದುಡ್ಡು ಕೊಟ್ಟವನು ನಾನಲ್ವಾ.

ಮೇಲೆ ಹೋದ ಮೇಲೆ ಎಡಗೈ ಪಕ್ಕದ ಸಣ್ಣ ಕೋಲನ್ನು ಹಿಂದಕ್ಕೆ ಎಳೆದೆ. ಮೂತಿ ಎದ್ದಿತು. ಕೈ ಬಿಟ್ಟೆ. ಮೂತಿ ತಾನೇ ಇಳಿಯುತ್ತದೆ ಅಂದುಕೊಂಡಿದ್ದೆ. ಇಲ್ಲ, ಎದ್ದದ್ದು ಎದ್ದಲ್ಲೇ ನಿಂತಿತು. ಎಡಕ್ಕೆ ವಾಲಿಸಿ ಬಿಟ್ಟೆ. ವಾಲಿದಷ್ಟಕ್ಕೇ ನಿಂತಿತು. ಕೋಲು ಮಾತ್ರ ನಡುವಿಗೆ ಬಂದು, ತನಗೇನೂ ಗೊತ್ತಿಲ್ಲದ ಹಾಗೆ ಸುಮ್ನೆ ನಿಂತಿದೆ.

ಆಮೇಲೆ ಆ ಹುಡುಗ "ಪೂರ್ತಿ ಎಳೀರಿ, ಹೆದರಬೇಡಿ" ಅಂದ. ಇನ್ನು ಬಾರದು ಅನ್ನುವಷ್ಟು ಎಳೆದು ಹಿಡಿದೆ. ವಿಮಾನ ಬೀಳಬೇಕಿತ್ತು ಅಲ್ವಾ? ಬೀಳಲಿಲ್ಲ. ನಾನು ಮುಟ್ಟದೆ ಇಂಜಿನ್ ತಾನೇ ಜೋರಾಯಿತು. ಕೊನೆಗೆ ಇಳಿಸುವಾಗ ಮಾತ್ರ ಮೋಸವಾಯಿತು. ನೆಲ ಹತ್ತಿರ ಬಂತು, ಮೆಲ್ಲಗೆ ಎಳೆದೆ, ಮೂತಿ ಏಳಲೇ ಇಲ್ಲ. ಧಡ್ ಅಂತ ಕೂತಿತು. ಅಳಿಯ ಇನ್ನೂ ನಗುತ್ತಿದ್ದಾನೆ.

ಹಾಗಾದರೆ ಹಾರಿಸಿದ್ದು ಯಾರು? ನಾನಾ, ಅದಾ?


ಬಲಗಡೆ ಸೀಟು | ಶನಿವಾರ, ರಾತ್ರಿ 11.30

ಇದೇ ನನ್ನ ಹೊಟ್ಟೆಪಾಡು, ಆದ್ದರಿಂದ ನಾನೇ ಶುರು ಮಾಡುತ್ತೇನೆ. ಮುಂಬೈ ಬೇಸ್, ಎ320, ಬಲಗಡೆ ಸೀಟು, ಅಂದರೆ ಕೋ ಪೈಲಟ್. ನಾಳೆ ಮಧ್ಯಾಹ್ನದ ಡ್ಯೂಟಿ, ಅದಕ್ಕೇ ಇನ್ನೂ ಎಚ್ಚರ.

ನೀವು ಕೋಲು ಎಳೆದಾಗ ಬಾಲದ ಎಲಿವೇಟರ್‌ಗೆ, ಅಂದರೆ ಮೂತಿ ಏಳಿಸಿ ಇಳಿಸುವ ಹಲಗೆಗೆ, "ಇಷ್ಟು ಡಿಗ್ರಿ ತಿರುಗು" ಅಂತ ಹೇಳಲಿಲ್ಲ. "ನನಗೆ ಇಷ್ಟು ಜಿ ಬೇಕು" ಅಂತ ಕೇಳಿದಿರಿ. ಜಿ ಅಂದರೆ ಮೈಗೆ ತಿಳಿಯುವ ಭಾರ, ಮಾಮೂಲಿ ತೂಕ ಒಂದು ಜಿ. ಎಲಿವೇಟರ್ ಎಷ್ಟು ತಿರುಗಬೇಕು ಅನ್ನುವುದು ಕಂಪ್ಯೂಟರಿನ ಲೆಕ್ಕ. ಕೋಲು ನಡುವಿನಲ್ಲಿದ್ದರೆ ಕೇಳಿದ್ದು ಒಂದು ಜಿ. ಅಂದರೆ ಈಗ ಹೋಗುತ್ತಿರುವ ದಾರಿಯಲ್ಲೇ ಹೋಗು ಅಂತ. ಅದಕ್ಕೇ ಮೂತಿ ನಿಂತಿತು. ಟ್ರಿಮ್ ಕೂಡ, ಅಂದರೆ ಕೋಲು ಹಿಡಿದೇ ಇರಬೇಕಾಗದ ಹಾಗೆ ಬಾಲವನ್ನು ಹೊಂದಿಸುವುದನ್ನೂ, ಅದೇ ಮಾಡಿಕೊಳ್ಳುತ್ತದೆ. ಸೆಸ್ನಾದಲ್ಲಿ ಕಲಿತ ಕೈಗೆ ಮೊದಮೊದಲು ಇದು ವಿಚಿತ್ರ. ಟ್ರಿಮ್ ಚಕ್ರ ಹುಡುಕುತ್ತಾ ಕೈ ಹೋಗುತ್ತದೆ, ಅಲ್ಲಿ ಚಕ್ರ ತಾನೇ ತಿರುಗುತ್ತಿರುತ್ತದೆ.

ಪಕ್ಕಕ್ಕೆ ತಳ್ಳಿದರೆ ಕೇಳಿದ್ದು ವಾಲುವ ವೇಗ. ಪೂರ್ತಿ ತಳ್ಳಿದರೆ ಸೆಕೆಂಡಿಗೆ 15 ಡಿಗ್ರಿ. ಬಿಟ್ಟರೆ ವೇಗ ಸೊನ್ನೆ, ವಾಲಿದ್ದು ಅಲ್ಲೇ ನಿಲ್ಲುತ್ತದೆ. ಆದರೆ 33 ಡಿಗ್ರಿ ದಾಟಿ ಬಿಟ್ಟು ನೋಡಿ, ತಾನೇ 33ಕ್ಕೆ ವಾಪಸ್ ಬರುತ್ತದೆ. ಎಷ್ಟೇ ಒತ್ತಿ ಹಿಡಿದರೂ 67 ದಾಟುವುದಿಲ್ಲ.

ನನಗೆ ಲೈನ್ ಟ್ರೇನಿಂಗ್ ಕೊಟ್ಟ ಕ್ಯಾಪ್ಟನ್ ಮಂಡ್ಯ ಕಡೆಯವರು. ನಾನು ಕೋಲನ್ನು ಆ ಕಡೆ ಈ ಕಡೆ ಆಡಿಸುತ್ತಲೇ ಇರುತ್ತಿದ್ದೆ. "ಮುದ್ದೆ ತಿರುವಬೇಡ ಕಣೋ, ಒಂದು ಸಲ ಕೇಳು, ಬಿಡು, ಏನು ಕೊಟ್ಟಿತು ನೋಡು" ಅನ್ನುತ್ತಿದ್ದರು. ಎ320 ಬಗ್ಗೆ ನನಗೆ ಸಿಕ್ಕ ಅತ್ಯುತ್ತಮ ಪಾಠ ಅದೇ.

ಲ್ಯಾಂಡಿಂಗ್ ಕಥೆ ದೊಡ್ಡದು. ನಾಳೆ ಬರೆಯುತ್ತೇನೆ.


ಕೋಥ್ರೂಡ್ ಕೋಡು | ಶನಿವಾರ, ರಾತ್ರಿ 11.51

ಒಂದು ಸಣ್ಣ ಸಂಶಯ. 67 ಯಾಕೆ? 65 ಅಥವಾ 70 ಅಂತ ಗುಂಡಗೆ ಇಡಬಹುದಿತ್ತಲ್ಲ.


ಬಲಗಡೆ ಸೀಟು | ಭಾನುವಾರ, ಬೆಳಿಗ್ಗೆ 9.05

ಒಳ್ಳೆ ಪ್ರಶ್ನೆ. ಫ್ಲಾಪ್, ಅಂದರೆ ನಿಧಾನವಾಗಿ ಹಾರಲು ರೆಕ್ಕೆಯಿಂದ ಚಾಚುವ ಹಲಗೆ, ಒಳಗಿದ್ದಾಗ ಈ ವಿಮಾನ ಕೊಡುವ ಗರಿಷ್ಠ ಜಿ 2.5. ಎತ್ತರ ಕಳೆದುಕೊಳ್ಳದೆ ವಾಲಿ ತಿರುಗಬೇಕಾದರೆ, ವಾಲಿದಷ್ಟೂ ಜಿ ಜಾಸ್ತಿ ಬೇಕು. 60 ಡಿಗ್ರಿಗೆ 2 ಜಿ. 66 ದಾಟುವಾಗ 2.5. ಲೆಕ್ಕ ಅಲ್ಲಿಗೇ ಮುಗಿಯುತ್ತದೆ. ಫ್ಲಾಪ್ ಹೊರಗಿದ್ದರೆ ಮಿತಿ 2 ಜಿ.


ಮಾಟುಂಗಾ ಫಿಲ್ಟರ್ | ಭಾನುವಾರ, ಬೆಳಿಗ್ಗೆ 9.48

ಎಲ್ಲಾ ಸರಿ. ಆದರೆ "ಕೇಳುವುದು", "ಕೊಡುವುದು" ಅಂತೆಲ್ಲಾ ಕೇಳಿದರೆ ನನಗೆ ಸರ್ಕಾರಿ ಕಚೇರಿ ನೆನಪಾಗುತ್ತದೆ. ಅರ್ಜಿ ಹಾಕಿದೆವು, ಮಂಜೂರಾಗುತ್ತದೋ ಇಲ್ಲವೋ ಅವರಿಗೆ ಬಿಟ್ಟದ್ದು. ಹಿಂದೆ ಪೈಲಟ್ ಕೈಗೂ ರೆಕ್ಕೆಗೂ ನಡುವೆ ಒಂದು ಹಗ್ಗ ಇತ್ತು. ಎಳೆದರೆ ಬರುತ್ತಿತ್ತು. ಗಾಳಿ ಹೊಡೆದರೆ ಕೈಗೆ ತಿಳಿಯುತ್ತಿತ್ತು. ಈಗ ವಿಡಿಯೋ ಗೇಮಿನ ಕೋಲು.

ನನಗೆ 1990ರ ಫೆಬ್ರವರಿ 14 ಚೆನ್ನಾಗಿ ನೆನಪಿದೆ. ನಮ್ಮ ಬಾಂಬೆಯಿಂದಲೇ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ಎ320, ಐಸಿ 605. ಬೆಂಗಳೂರಿನಲ್ಲಿ ಇಳಿಯುವ ಮೊದಲೇ ಗಾಲ್ಫ್ ಮೈದಾನದಲ್ಲಿ ಬಿತ್ತು. 146 ಜನರಲ್ಲಿ 92 ಜನ ಹೋದರು. ಆಗ ಮಾಟುಂಗಾದ ಹೋಟೆಲ್‌ಗಳಲ್ಲಿ ವಾರಗಟ್ಟಲೆ ಇದೇ ಮಾತು. ಊರಿಗೆ ಹೋಗುವವರೆಲ್ಲ ಉದ್ಯಾನ್ ಎಕ್ಸ್‌ಪ್ರೆಸ್ ಟಿಕೆಟ್ ಹುಡುಕುತ್ತಿದ್ದರು. ಹೊಚ್ಚ ಹೊಸ ವಿಮಾನ, ಕಂಪ್ಯೂಟರ್ ವಿಮಾನ. ಆ ಕಂಪ್ಯೂಟರ್ ಆಗ ಏನು ಮಾಡುತ್ತಿತ್ತು?


ಹಳೇ ಹ್ಯಾಂಗರ್ | ಭಾನುವಾರ, ಬೆಳಿಗ್ಗೆ 11.20

ಫಿಲ್ಟರ್ ರಾಯರೇ, ಎರಡಕ್ಕೂ ಉತ್ತರ ಕೊಡುತ್ತೇನೆ. ನಾನು ಕಲಿನಾದ ಹ್ಯಾಂಗರ್‌ಗಳಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದವನು. ಹಗ್ಗದ ವಿಮಾನವನ್ನೂ ನೋಡಿದ್ದೇನೆ, ಕೋಲಿನ ಮಾತು ಕರೆಂಟ್ ತಂತಿಯಲ್ಲಿ ಹೋಗುವ ತಂತಿಯ ವಿಮಾನವನ್ನೂ ನೋಡಿದ್ದೇನೆ.

ಮೊದಲು ಹಗ್ಗ. ಅದು ಉಕ್ಕಿನ ಕೇಬಲ್. ಕಾಕ್‌ಪಿಟ್ ಅಡಿಯಿಂದ ಬಾಲದವರೆಗೆ ರಾಟೆ ಮೇಲೆ ರಾಟೆ. ಊರಿನ ಬಾವಿಯ ರಾಟೆ ನೆನಪಿಸಿಕೊಳ್ಳಿ. ಪ್ರತಿಯೊಂದಕ್ಕೂ ಗ್ರೀಸ್, ಪ್ರತಿಯೊಂದು ತಿರುವಿನಲ್ಲೂ ಸವೆತ. ಕೇಬಲ್ ಮೇಲೆ ಬಟ್ಟೆ ಸುತ್ತಿ ಉದ್ದಕ್ಕೂ ಎಳೆಯುತ್ತಿದ್ದೆವು. ಒಂದು ಎಳೆ ಕಿತ್ತಿದ್ದರೂ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಕೈಯಲ್ಲಿ ಎಳೆದರೆ ಕೈ ಹರಿಯುತ್ತದೆ, ಹರಿದುಕೊಂಡೂ ಇದ್ದೇನೆ. ಚಳಿಗೂ ಬಿಸಿಲಿಗೂ ಬಿಗಿ ಬದಲಾಗುತ್ತದೆ. ಅಳೆಯಲು ಟೆನ್ಷನ್ ಮೀಟರ್. ಆಗ ಟೆನ್ಷನ್ ಕೇಬಲ್‌ಗೆ ಇತ್ತು, ಈಗ ನಿಮ್ಮಂಥ ಪ್ರಯಾಣಿಕರಿಗೆ.

ಮುಖ್ಯ ಮಾತು ಕೇಳಿ. ದೊಡ್ಡ ಜೆಟ್‌ಗಳಲ್ಲಿ ಆ ಹಗ್ಗದ ಕೊನೆಯಲ್ಲಿ ರೆಕ್ಕೆ ಇರಲಿಲ್ಲ. ಹೈಡ್ರಾಲಿಕ್ ವಾಲ್ವ್ ಇತ್ತು. ಆ ವೇಗದಲ್ಲಿ ಮನುಷ್ಯನ ತೋಳಿಗೆ ಅಷ್ಟು ದೊಡ್ಡ ಎಲಿವೇಟರ್ ಜಗ್ಗುವುದೇ ಇಲ್ಲ. ಪೈಲಟ್ ಕೈಗೆ ಸಿಗುತ್ತಿದ್ದ ಆ 'ಗಾಳಿಯ ಹೊಡೆತ'ವನ್ನು ಸ್ಪ್ರಿಂಗ್, ಪಿಸ್ಟನ್ ಇಟ್ಟು ನಾವೇ ತಯಾರಿಸಿ ಕೊಡುತ್ತಿದ್ದೆವು. ಅದರ ಹೆಸರೇ ಆರ್ಟಿಫಿಷಿಯಲ್ ಫೀಲ್. ಹಗ್ಗದ ಕಾಲದಲ್ಲೂ ನಾಟಕ ಇತ್ತು ಸ್ವಾಮಿ. ಏರ್‌ಬಸ್‌ನವರು ಆ ನಾಟಕ ನಿಲ್ಲಿಸಿದರು, ಅಷ್ಟೆ.

ಇನ್ನು 605. ಆ ಎ320ಗಳು 1989ರಿಂದ ಬರತೊಡಗಿದ್ದವು. ನಮ್ಮವಕ್ಕೆ ಒಂದು ವಿಶೇಷ ಇತ್ತು. ಬೇರೆ ದೇಶದ ಎ320ಗೆ ಒಂದೊಂದು ಕಾಲಿಗೆ ಎರಡು ಚಕ್ರ, ನಮ್ಮವಕ್ಕೆ ನಾಲ್ಕು. ಇಲ್ಲಿನ ರನ್‌ವೇಗಳು ಭಾರ ತಡೆಯಲಿ ಅಂತ. ಅಪಘಾತದ ಮೇಲೆ ಸರ್ಕಾರ ಎಲ್ಲವನ್ನೂ ತಿಂಗಳುಗಟ್ಟಲೆ ನೆಲಕ್ಕೆ ಕಟ್ಟಿಹಾಕಿತು. ಹಾರದ ವಿಮಾನ ನೋಡಿಕೊಳ್ಳುವುದು ಹಾರುವುದಕ್ಕಿಂತ ಕಷ್ಟ. ಇಂಜಿನ್ ಬಾಯಿಗೆ ಮುಚ್ಚಳ, ವೇಗ ಅಳೆಯುವ ಪಿಟೋ ಕೊಳವೆಗೆ ಕವಚ, ಹಕ್ಕಿ ಗೂಡು ಕಟ್ಟದ ಹಾಗೆ ಕಾವಲು.

ಅವತ್ತು ಕೋಲು ಮತ್ತು ತಂತಿ ಕೆಟ್ಟಿರಲಿಲ್ಲ. ಎಲಿವೇಟರ್ ಕೇಳಿದ್ದನ್ನು ಕೊಡುತ್ತಲೇ ಇತ್ತು. ಇಂಜಿನ್ ಐಡಲ್‌ನಲ್ಲಿತ್ತು, ಅಂದರೆ ಅತಿ ಕಡಿಮೆ ಶಕ್ತಿಯಲ್ಲಿ ಸುಮ್ನೆ ತಿರುಗುತ್ತಿತ್ತು. ಯಾಕೆ ಅನ್ನುವುದನ್ನು ಬಲಗಡೆ ಸೀಟಿನವರೇ ಹೇಳಲಿ. ನಾನು ಸ್ಪ್ಯಾನರ್ ಕಡೆಯವನು.


ಘಾಟ್ಕೋಪರ್ ಟೆರೇಸ್ | ಭಾನುವಾರ, ಮಧ್ಯಾಹ್ನ 12.02

ಹ್ಯಾಂಗರ್ ಸಾರ್, ಆ ನಾಲ್ಕು ಚಕ್ರದ ಎ320 ನಾನು ಚಿಕ್ಕವನಿದ್ದಾಗ ನಮ್ಮ ಟೆರೇಸ್ ಮೇಲಿಂದ ನೋಡಿದ್ದೇನೆ! ರನ್‌ವೇ 27ಕ್ಕೆ ಇಳಿಯುವಾಗ ಹೊಟ್ಟೆಯ ಅಡಿ ಸರಿಯಾಗಿ ಕಾಣುತ್ತದೆ. ಎರಡು ಚಕ್ರದವು ಬಂದಮೇಲೆ ನನಗೆ ಏನೋ ಕಡಿಮೆಯಾದ ಹಾಗೆ ಅನಿಸುತ್ತಿತ್ತು, ಏನು ಅಂತ ಗೊತ್ತಿರಲಿಲ್ಲ. ಇವತ್ತು ಗೊತ್ತಾಯಿತು.


ಬಲಗಡೆ ಸೀಟು | ಭಾನುವಾರ, ಮಧ್ಯಾಹ್ನ 12.30

ಡ್ಯೂಟಿಗೆ ಹೊರಡುವ ಮೊದಲು ಬರೆದುಬಿಡುತ್ತೇನೆ.

605ರ ಕಥೆ ನಮಗೆ ತರಗತಿಯಲ್ಲೇ ಹೇಳುತ್ತಾರೆ. ಎ320ಯಲ್ಲಿ ಕೋಲು ಒಂದು ವ್ಯವಸ್ಥೆ. ಆಟೋಥ್ರಸ್ಟ್, ಅಂದರೆ ಇಂಜಿನ್‌ನ ಶಕ್ತಿಯನ್ನು ತಾನೇ ಹೆಚ್ಚು ಕಡಿಮೆ ಮಾಡುವುದು, ಇನ್ನೊಂದು ವ್ಯವಸ್ಥೆ. ಆಟೋಥ್ರಸ್ಟ್‌ಗೆ ಬೇರೆ ಬೇರೆ ಮೋಡ್ ಇವೆ. ಸ್ಪೀಡ್ ಮೋಡ್‌ನಲ್ಲಿದ್ದರೆ ವೇಗ ಕಾಯುತ್ತದೆ, ವೇಗ ಇಳಿದರೆ ಇಂಜಿನ್ ಏರಿಸುತ್ತದೆ. ಓಪನ್ ಡಿಸೆಂಟ್ ಮೋಡ್‌ನಲ್ಲಿ ಹಾಗಲ್ಲ. ಇಂಜಿನ್ ಐಡಲ್‌ಗೆ ಇಳಿದು ಅಲ್ಲೇ ಕೂರುತ್ತದೆ, ವೇಗ ಕಾಯುವ ಕೆಲಸ ಮೂತಿಯದ್ದು. ಮೇಲಿಂದ ಕೆಳಗೆ ಇಳಿಯಲು ಅದು ಸರಿ. ರನ್‌ವೇ ಎದುರಿಗೆ ಇದ್ದಾಗ ಅದು ವಿಷ.

ಅವತ್ತು ವಿಮಾನ ಆ ಮೋಡ್‌ಗೆ ಹೋಗಿತ್ತು. ಎತ್ತರ ಆರಿಸುವ ಗುಂಡಿ, ಇಳಿಯುವ ದರ ಆರಿಸುವ ಗುಂಡಿ, ಎರಡೂ ಒಂದೇ ಸಾಲಿನಲ್ಲಿವೆ. ಒಂದರ ಬದಲು ಇನ್ನೊಂದು ತಿರುಗಿಸಿರಬೇಕು ಅಂತ ತನಿಖೆ ಊಹಿಸಿತು. ಹೇಗೆ ಹಾರಿಸಬೇಕು ಅಂತ ಪರದೆಯಲ್ಲಿ ತೋರಿಸುವ ಎರಡೂ ಫ್ಲೈಟ್ ಡೈರೆಕ್ಟರ್ ಆಫ್ ಮಾಡಿದ್ದರೆ ಆಟೋಥ್ರಸ್ಟ್ ಸ್ಪೀಡ್ ಮೋಡ್‌ಗೆ ಬರುತ್ತಿತ್ತು. ಒಂದು ಆನ್ ಉಳಿದುಹೋಯಿತು. ವೇಗ ಇಳಿಯಿತು, ಎತ್ತರ ಇಳಿಯಿತು. ಇಂಜಿನ್ ಏರಿಸಿದಾಗ ಹೊತ್ತು ಮೀರಿತ್ತು. ಐಡಲ್‌ನಿಂದ ಪೂರ್ತಿ ಶಕ್ತಿಗೆ ಬರಲು ಜೆಟ್ ಇಂಜಿನ್‌ಗೆ ಹಲವು ಸೆಕೆಂಡ್ ಬೇಕು. ಠಾಣೆ ಸ್ಲೋ ಅವರು ನೋಡಿದ "ತಾನೇ ಜೋರಾದ ಇಂಜಿನ್" ಇದೆಯಲ್ಲ, ಆಲ್ಫಾ ಫ್ಲೋರ್ ಅಂತಾರೆ, ಅದೂ ಅವತ್ತು ಬಂದಿತ್ತು. ಎತ್ತರ ಇರಲಿಲ್ಲ.

ಯಾವ ಮೋಡ್ ಅಂತ ಬರೆದಿರುವುದು ಕಣ್ಣೆದುರಿನ ಪರದೆಯ ಮೇಲ್ಗಡೆ, ಒಂದು ಸಣ್ಣ ಪಟ್ಟಿಯಲ್ಲಿ. ಎಫ್‌ಎಂಎ ಅಂತ ಅದರ ಹೆಸರು. ಅಲ್ಲಿ ಅಕ್ಷರ ಬದಲಾದ ಕೂಡಲೇ ನಾವು ಬಾಯಿಬಿಟ್ಟು ಓದಬೇಕು. ಓದದಿದ್ದರೆ ಪಕ್ಕದವರು ಗದರುತ್ತಾರೆ. ಕೋಲು ಹಿಡಿಯುವುದು ವಾರದಲ್ಲಿ ಬರುತ್ತದೆ. ಆ ಪಟ್ಟಿಯನ್ನು ಬಿಡದೆ ಓದುವ ಅಭ್ಯಾಸ ಬರಲು ವರ್ಷ ಬೇಕು. ಈ ವಿಮಾನ ಹಾರಿಸುವುದು ಅಂದರೆ ಅರ್ಧ ಪಾಲು ಅದೇ. ಅದು ಈಗ ಯಾವ ಮಾತು ಕೇಳುವ ಸ್ಥಿತಿಯಲ್ಲಿದೆ ಅಂತ ಗೊತ್ತಿರಬೇಕು.

ಮತ್ತೊಂದು ವಿಷಯ, ಇಲ್ಲಿ ಫಿಲ್ಟರ್ ಅವರ ಜೊತೆ ನಾನೂ ಸ್ವಲ್ಪ ಇದ್ದೇನೆ. ಏರ್‌ಬಸ್‌ನಲ್ಲಿ ಆಟೋಥ್ರಸ್ಟ್ ಓಡುವಾಗ ಇಂಜಿನ್ ಲಿವರ್‌ಗಳು ಅಲ್ಲಾಡುವುದಿಲ್ಲ. ಸಿಎಲ್ ಅಂತ ಬರೆದ ಕಚ್ಚಿನಲ್ಲಿ ಕೂತಿರುತ್ತವೆ. ಬೋಯಿಂಗ್‌ನಲ್ಲಿ ಹಿಂದೆ ಮುಂದೆ ಹೋಗುತ್ತವೆ, ಕೈ ಇಟ್ಟರೆ ಇಂಜಿನ್ ಏನು ಮಾಡುತ್ತಿದೆ ಅಂತ ಗೊತ್ತಾಗುತ್ತದೆ. ನಮಗೆ ಕಣ್ಣೇ ಗತಿ.


ಮಾಟುಂಗಾ ಫಿಲ್ಟರ್ | ಭಾನುವಾರ, ಮಧ್ಯಾಹ್ನ 1.15

ನೋಡಿ, ಕೊನೆಗೂ ಒಪ್ಪಿಕೊಂಡಿರಿ. ಊಟ ಮಾಡಿ ಬರುತ್ತೇನೆ. ಆರ್ಟಿಫಿಷಿಯಲ್ ಫೀಲ್ ವಿಷಯ ಮಾತ್ರ ನನಗೆ ಗೊತ್ತಿರಲಿಲ್ಲ. ನಲವತ್ತು ವರ್ಷ ತಪ್ಪು ತಿಳಿದುಕೊಂಡಿದ್ದೆ.


ಕೋಥ್ರೂಡ್ ಕೋಡು | ಭಾನುವಾರ, ಸಂಜೆ 5.40

ಪುಣೆಯಿಂದ ನನ್ನದೂ ಎರಡು ಮಾತು. ನಾನು ವಿಮಾನದ ಸಾಫ್ಟ್‌ವೇರ್ ಟೆಸ್ಟಿಂಗ್‌ನಲ್ಲಿದ್ದೇನೆ. ಎ320 ಕೆಲಸ ಅಲ್ಲ, ಆದರೆ ನಿಯಮ ಒಂದೇ.

ಜನ "ಕಂಪ್ಯೂಟರ್" ಅಂದಾಗ ಒಂದು ಡಬ್ಬಿ ಅಂದುಕೊಳ್ಳುತ್ತಾರೆ. ಎ320ಯಲ್ಲಿ ಏಳು ಇವೆ. ಎರಡು ಎಲಾಕ್, ಮೂರು ಸೆಕ್, ಎರಡು ಫ್ಯಾಕ್. ಎಲಾಕ್ ನೋಡಿಕೊಳ್ಳುವುದು ಎಲಿವೇಟರ್, ವಿಮಾನ ವಾಲಿಸುವ ಏಲೆರಾನ್. ಸೆಕ್ ರೆಕ್ಕೆಯ ಮೇಲೆ ಏಳುವ ಸ್ಪಾಯ್ಲರ್‌ಗೆ, ಜೊತೆಗೆ ಎಲಾಕ್ ಕೈಕೊಟ್ಟರೆ ಎಲಿವೇಟರ್‌ಗೂ. ಫ್ಯಾಕ್ ಮೂತಿ ಎಡಬಲ ತಿರುಗಿಸುವ ರಡ್ಡರ್‌ಗೆ. ಮಜಾ ಏನಂದರೆ ಎಲಾಕ್ ಮಾಡಿದ ಕಂಪನಿಯೇ ಬೇರೆ, ಸೆಕ್ ಮಾಡಿದ ಕಂಪನಿಯೇ ಬೇರೆ. ಒಂದರಲ್ಲಿ ಮೊಟೊರೋಲಾ ಚಿಪ್, ಇನ್ನೊಂದರಲ್ಲಿ ಇಂಟೆಲ್. ಸಾಫ್ಟ್‌ವೇರ್ ಬರೆದ ತಂಡಗಳೂ ಬೇರೆ ಬೇರೆ. ಒಬ್ಬ ಮಾಡಿದ ತಪ್ಪನ್ನೇ ಇನ್ನೊಬ್ಬ ಮಾಡದಿರಲಿ ಅಂತ. ಪರೀಕ್ಷೆ ಹಾಲ್‌ನಲ್ಲಿ ಪಕ್ಕಪಕ್ಕದವರಿಗೆ ಬೇರೆ ಬೇರೆ ಪ್ರಶ್ನೆಪತ್ರಿಕೆ ಕೊಟ್ಟ ಹಾಗೆ. ಒಂದೊಂದು ಡಬ್ಬಿಯ ಒಳಗೂ ಎರಡು ಭಾಗ. ಒಂದು ಆಜ್ಞೆ ಕೊಡುತ್ತದೆ, ಇನ್ನೊಂದು ಅದರ ಮೇಲೆ ಕಣ್ಣಿಡುತ್ತದೆ. ಲೆಕ್ಕ ತಾಳೆಯಾಗದಿದ್ದರೆ ಡಬ್ಬಿ ತಾನೇ ಹಿಂದೆ ಸರಿಯುತ್ತದೆ.

ಇಂಥ ವ್ಯವಸ್ಥೆ ಕೈಕೊಟ್ಟು ವಿಮಾನವೇ ಹೋಗುವ ಸಾಧ್ಯತೆ 100 ಕೋಟಿ ಹಾರಾಟದ ಗಂಟೆಗೆ ಒಂದಕ್ಕಿಂತ ಕಡಿಮೆ ಇರಬೇಕು ಅನ್ನುವುದು ಗುರಿ. ಒಂದೇ ವಿಮಾನ ನಿಲ್ಲದೆ ಹಾರಿದರೆ 1 ಲಕ್ಷ 14 ಸಾವಿರ ವರ್ಷ. ನನ್ನ ಮ್ಯಾನೇಜರ್ ಈ ಲೆಕ್ಕವನ್ನು ಹೊಸಬರಿಗೆಲ್ಲ ಹೇಳಿ ಹೆದರಿಸುತ್ತಾರೆ.


ವಾಸ್ಕೋ ಗಾಳಿ | ಭಾನುವಾರ, ಸಂಜೆ 6.25

100 ಕೋಟಿ ಗಂಟೆ ಅಂತ ಕಾಗದದಲ್ಲಿ ಇರಬಹುದು. 2025ರ ನವೆಂಬರ್ ಕೊನೆಯಲ್ಲಿ ಏನಾಯಿತು ಹಾಗಾದರೆ? ಅವತ್ತು ದಾಬೋಲಿಮ್‌ನಲ್ಲಿ ನನ್ನ ಫ್ಲೈಟ್ ತಡ ಅಂದರು. ಕಾರಣ ಕೇಳಿದರೆ ಕೌಂಟರ್‌ನಲ್ಲಿ "ಸೂರ್ಯ" ಅಂದರು. ಗೋವಾದಲ್ಲಿ ಸೂರ್ಯನ ಮೇಲೆ ಯಾರೂ ದೂರು ಹೇಳಿದ್ದು ನಾನು ಕೇಳಿರಲಿಲ್ಲ.


ನೈಟ್ ಶಿಫ್ಟ್ ಸಾಂತಾಕ್ರೂಜ್ | ಭಾನುವಾರ, ರಾತ್ರಿ 8.10

ಇಷ್ಟು ಹೊತ್ತು ಸುಮ್ನೆ ಓದುತ್ತಿದ್ದೆ. ಇದಕ್ಕೆ ಮಾತ್ರ ಬರೆಯಲೇಬೇಕು, ಅವತ್ತು ಟಾರ್ಮ್ಯಾಕ್ ಮೇಲೆ ಇದ್ದವನು ನಾನು.

ಅಕ್ಟೋಬರ್ 30ರಂದು ಅಮೆರಿಕದ ಕಡೆ ಒಂದು ಎ320, ಆಟೋಪೈಲಟ್‌ನಲ್ಲಿ ನೆಟ್ಟಗೆ ಹೋಗುತ್ತಿದ್ದಾಗ, ಯಾರೂ ಕೇಳದೆ ಮೂತಿ ಬಗ್ಗಿಸಿತು. ಕೆಲವರಿಗೆ ಪೆಟ್ಟಾಯಿತು. ಆಮೇಲೆ ನೋಡಿದರೆ, ಎಲಾಕ್‌ನ ಒಂದು ಹೊಸ ಸಾಫ್ಟ್‌ವೇರ್ ಇದ್ದಾಗ, ಸೂರ್ಯನ ಜೋರು ವಿಕಿರಣದಿಂದ ಒಳಗಿನ ಡೇಟಾ ಕೆಡಬಹುದು ಅಂತ ತಿಳಿಯಿತು. ಸೊನ್ನೆ ಇರುವಲ್ಲಿ ಒಂದು ಆಗುವುದು, ಅಷ್ಟೆ. ನವೆಂಬರ್ 28, ಶುಕ್ರವಾರ, ಆದೇಶ ಬಂತು. ಜಗತ್ತಿನಲ್ಲಿ ಸುಮಾರು 6000 ವಿಮಾನ. ಮುಂದಿನ ಹಾರಾಟಕ್ಕೆ ಮೊದಲು ಸರಿ ಮಾಡಿ ಅಂತ.

ನಾವು ಮಾಡಿದ್ದು ಏನು ಗೊತ್ತಾ? ಹೊಸದನ್ನು ತೆಗೆದು ಹಳೆಯದನ್ನು ಹಾಕಿದ್ದು. ಮೊಬೈಲ್ ಅಪ್‌ಡೇಟ್ ಮಾಡಿ ಪಶ್ಚಾತ್ತಾಪ ಪಟ್ಟ ಹಾಗೆ. ಡೇಟಾ ಲೋಡರ್ ಹಿಡಿದುಕೊಂಡು ಕಾಕ್‌ಪಿಟ್‌ಗೆ ಹೋಗು, ಲೋಡ್ ಮಾಡು, ಎಷ್ಟು ಲೋಡ್ ಆಯಿತು ಅಂತ ತೋರಿಸುವ ಗೆರೆ ನಿಂತಲ್ಲೇ ನಿಂತಿದೆಯಾ ನೋಡು, ಮುಗಿದ ಮೇಲೆ ಪಾರ್ಟ್ ನಂಬರ್ ಎರಡು ಸಲ ಓದು, ಟೆಸ್ಟ್ ಮಾಡು, ಸಹಿ ಹಾಕು, ಮುಂದಿನ ವಿಮಾನ. ಆ ಎರಡು ರಾತ್ರಿ ಕುಡಿದ ಕಟಿಂಗ್ ಚಹಾಕ್ಕೆ ಲೆಕ್ಕ ಇಲ್ಲ. ಬೆಳಿಗ್ಗೆ ಮನೆಗೆ ಹೋದರೆ ಹೆಂಡತಿ "ಟಿವಿಯಲ್ಲಿ ಸೂರ್ಯ ಅಂತಾರಲ್ಲ, ನಿಜವಾ?" ಅಂದಳು. ಅರ್ಧ ನಿದ್ದೆಯಲ್ಲಿ ಹೂಂ ಅಂದೆ.

ನನಗೆ ಒಂದು ಮಾತ್ರ ಸಮಾಧಾನ. ಮೂತಿ ಬಗ್ಗಿದ ಆ ವಿಮಾನ ಇಳಿಯಿತು. ಮತ್ತೆ ಅಂಥದು ಆಗುವವರೆಗೆ ಯಾರೂ ಕಾಯಲಿಲ್ಲ.


ಕೋಥ್ರೂಡ್ ಕೋಡು | ಭಾನುವಾರ, ರಾತ್ರಿ 8.34

ನೈಟ್ ಶಿಫ್ಟ್, ಸರಿಯಾದ ಪೆಟ್ಟು, ಒಪ್ಪಿಕೊಂಡೆ. 2008ರಲ್ಲೂ ಹೀಗೇ ಒಂದು ಆಗಿತ್ತು. ಕ್ವಾಂಟಾಸ್ 72, ಎ330. ವೇಗ, ಕೋನ ಅಳೆದು ಹೇಳುವ ಒಂದು ಘಟಕ ಹುಚ್ಚು ಸಂಖ್ಯೆ ಕಳಿಸಿತು. ಕಂಪ್ಯೂಟರ್ ಅದನ್ನು ನಂಬಿ ಎರಡು ಸಲ ಮೂತಿ ಬಗ್ಗಿಸಿತು. ಡಬ್ಬಿ ಸರಿ ಇದ್ದರೂ ಒಳಗೆ ಬರುವ ಮಾಹಿತಿ ಕೆಟ್ಟರೆ ಕಷ್ಟ.


ಠಾಣೆ ಸ್ಲೋ | ಭಾನುವಾರ, ರಾತ್ರಿ 9.00

ಎಲ್ಲಾ ಓದಿದೆ, ಅಳಿಯನಿಗೂ ಓದಿಸಿದೆ. ಅವನ ಪ್ರಶ್ನೆ: ಏಳೂ ಕಂಪ್ಯೂಟರ್ ಹೋದರೆ? ನನ್ನ ಪ್ರಶ್ನೆ: ನನ್ನ ಲ್ಯಾಂಡಿಂಗ್?


ಹಳೇ ಹ್ಯಾಂಗರ್ | ಭಾನುವಾರ, ರಾತ್ರಿ 9.40

ಅಳಿಯನ ಪ್ರಶ್ನೆಗೆ. ಒಂದೇ ಸಲ ಎಲ್ಲಾ ಹೋಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಲಾ ಅಂದರೆ ಕೋಲಿನ ಮಾತನ್ನು ಕಂಪ್ಯೂಟರ್ ಹೇಗೆ ನಡೆಸಬೇಕು ಅನ್ನುವ ನಿಯಮ. ಎಲ್ಲಾ ಸರಿ ಇದ್ದರೆ ನಾರ್ಮಲ್ ಲಾ. ಒಂದಷ್ಟು ಕೆಟ್ಟರೆ ಆಲ್ಟರ್ನೇಟ್ ಲಾ. ಅಲ್ಲಿ ಕೋಲು ಜಿ ಕೇಳುವುದು ಉಳಿಯುತ್ತದೆ, ಆದರೆ ಸ್ಟಾಲ್ ಆಗದ ಹಾಗೆ, ಅಂದರೆ ರೆಕ್ಕೆ ಎತ್ತುವ ಶಕ್ತಿ ಕಳೆದುಕೊಳ್ಳದ ಹಾಗೆ, ಹಿಡಿಯುವ ಕಾವಲು ಹೋಗುತ್ತದೆ. ಇನ್ನೂ ಕೆಳಗೆ ಡೈರೆಕ್ಟ್ ಲಾ. ಅಲ್ಲಿ ಕೋಲು ಎಷ್ಟೋ ಎಲಿವೇಟರ್ ಅಷ್ಟು. ಫಿಲ್ಟರ್ ರಾಯರ ಪ್ರೀತಿಯ ಸ್ಥಿತಿ. ಅದೂ ಹೋದರೆ ಎ320ಯಲ್ಲಿ ಟ್ರಿಮ್ ಚಕ್ರ ಮತ್ತು ರಡ್ಡರ್ ಪೆಡಲ್ ಉಳಿಯುತ್ತವೆ. ಅವೆರಡಕ್ಕೆ ಇವತ್ತಿಗೂ ಹಗ್ಗ ಇದೆ! ಕಂಪ್ಯೂಟರ್ ಮತ್ತೆ ಏಳುವವರೆಗೆ ವಿಮಾನ ನೆಟ್ಟಗೆ ಇಟ್ಟುಕೊಳ್ಳಲು ಅಷ್ಟು ಸಾಕು.

ಎರಡೂ ಇಂಜಿನ್ ನಿಂತರೆ ಹೊಟ್ಟೆಯ ಹತ್ತಿರದಿಂದ ಒಂದು ಸಣ್ಣ ಗಾಳಿಗಿರಣಿ ಹೊರಗೆ ಬಂದು ತಿರುಗುತ್ತದೆ. ರ‍್ಯಾಟ್ ಅಂತ. ಅದು ಬ್ಲೂ ಅನ್ನುವ ಹೈಡ್ರಾಲಿಕ್ ವ್ಯವಸ್ಥೆಗೆ ಒತ್ತಡ ಕೊಡುತ್ತದೆ, ಅದರಿಂದ ತುರ್ತು ಕರೆಂಟ್. 2009ರ ಜನವರಿಯಲ್ಲಿ ಹಡ್ಸನ್ ನದಿಯಲ್ಲಿ ಇಳಿಸಿದರಲ್ಲ, ಅದೂ ಎ320. ಕ್ಯಾಪ್ಟನ್ ಸಲೆನ್‌ಬರ್ಗರ್ ಮೊದಲಿಗೇ ಎಪಿಯು, ಅಂದರೆ ಕರೆಂಟ್ ಕೊಡುವ ಬಾಲದ ಸಣ್ಣ ಇಂಜಿನ್, ಶುರು ಮಾಡಿದ್ದರಿಂದ ಕೊನೆಯವರೆಗೂ ನಾರ್ಮಲ್ ಲಾ ಉಳಿಯಿತು. 155 ಜನರೂ ಬದುಕಿದರು.


ಮಾಟುಂಗಾ ಫಿಲ್ಟರ್ | ಭಾನುವಾರ, ರಾತ್ರಿ 10.05

ಅದೇ 2009ರಲ್ಲಿ ಏರ್ ಫ್ರಾನ್ಸ್ 447 ಕೂಡ ಆಯಿತು. ಅದನ್ನೂ ಹೇಳಿ. ಗೆದ್ದದ್ದು ಮಾತ್ರ ಹೇಳಿದರೆ ಹೇಗೆ?


ಬಲಗಡೆ ಸೀಟು | ಸೋಮವಾರ, ರಾತ್ರಿ 12.50

ಈಗ ಮನೆಗೆ ಬಂದೆ. ಹೇಳುತ್ತೇನೆ, ಹೇಳಬೇಕಾದ್ದೇ.

ಜೂನ್ 1, 2009. ಎ330, ಅಟ್ಲಾಂಟಿಕ್ ಮೇಲೆ, ರಾತ್ರಿ. ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕೂತು ವೇಗದ ಓದು ಕೆಟ್ಟಿತು. ಒಂದು ನಿಮಿಷದೊಳಗೆ ಅದು ಸರಿಯೂ ಆಯಿತು. ಅಷ್ಟರಲ್ಲಿ ಆಟೋಪೈಲಟ್ ಕೈಬಿಟ್ಟಿತ್ತು, ವಿಮಾನ ಆಲ್ಟರ್ನೇಟ್ ಲಾಗೆ ಇಳಿದಿತ್ತು. ಹಾರಿಸುತ್ತಿದ್ದವರು ಕೋಲನ್ನು ಹಿಂದಕ್ಕೆ ಎಳೆದರು. ನಾರ್ಮಲ್ ಲಾದಲ್ಲಿ ಹಾಗೆ ಎಳೆದರೆ ಏನೂ ಆಗುವುದಿಲ್ಲ, ಠಾಣೆ ಸ್ಲೋ ಅವರೇ ಶನಿವಾರ ಮಾಡಿ ನೋಡಿದ್ದಾರೆ. ಆಲ್ಟರ್ನೇಟ್‌ನಲ್ಲಿ ಆ ಕಾವಲು ಇಲ್ಲ. ಸ್ಟಾಲ್ ಆಯಿತು. ಸ್ಟಾಲ್ ಎಚ್ಚರಿಕೆ ಒಂದೇ ಸಮನೆ 54 ಸೆಕೆಂಡ್ ಕೂಗಿತು. 228 ಜನ.

ಇಲ್ಲಿ ಫಿಲ್ಟರ್ ಅವರ ವಾದಕ್ಕೆ ಬಲ ಇದೆ. ಏರ್‌ಬಸ್‌ನ ಎರಡು ಕೋಲುಗಳಿಗೆ ಒಂದಕ್ಕೊಂದು ಸಂಬಂಧ ಇಲ್ಲ. ನಾನು ಎಳೆದರೆ ಕ್ಯಾಪ್ಟನ್ ಕೋಲು ಅಲ್ಲಾಡುವುದಿಲ್ಲ. ಕತ್ತಲಲ್ಲಿ ಅವರಿಗೆ ನನ್ನ ಕೈ ಕಾಣುವುದೂ ಕಷ್ಟ. ಇಬ್ಬರೂ ಒಟ್ಟಿಗೆ ಹಿಡಿದರೆ ಎರಡನ್ನೂ ಕೂಡಿಸುತ್ತದೆ. ಒಬ್ಬರು ಪೂರ್ತಿ ಹಿಂದೆ, ಒಬ್ಬರು ಪೂರ್ತಿ ಮುಂದೆ ಅಂದರೆ ಮೊತ್ತ ಸೊನ್ನೆ. "ಡ್ಯುಯಲ್ ಇನ್‌ಪುಟ್" ಅಂತ ಧ್ವನಿ ಬರುತ್ತದೆ. ಕೋಲಿನ ಕೆಂಪು ಗುಂಡಿ ಒತ್ತಿ ಹಿಡಿದವರದ್ದು ನಡೆಯುತ್ತದೆ. ಬೋಯಿಂಗ್ 777 ಕೂಡ ಫ್ಲೈ ಬೈ ವೈರ್, ಅಂದರೆ ತಂತಿಯ ವಿಮಾನವೇ, ಆದರೆ ಅವರು ಯೋಕ್ ಅನ್ನುವ ದೊಡ್ಡ ಹಿಡಿಕೆ ಇಟ್ಟುಕೊಂಡರು, ಎರಡೂ ಒಟ್ಟಿಗೆ ಚಲಿಸುತ್ತವೆ. ಆ ವಿಷಯದಲ್ಲಿ ಬೋಯಿಂಗ್‌ನವರದ್ದೇ ಸರಿ ಅಂತ ನನ್ನ ಅಭಿಪ್ರಾಯ. ಕಂಪನಿಯ ಅಭಿಪ್ರಾಯ ಅಲ್ಲ.

ಈಗ ಲ್ಯಾಂಡಿಂಗ್. ನಿಮ್ಮ ಧಡ್‌ಗೆ ಕಾರಣ ಇದೆ. ಕೈ ಬಿಟ್ಟರೆ ದಾರಿ ಹಿಡಿದು ಹೋಗುವ ವಿಮಾನ ನೆಲದ ಹತ್ತಿರವೂ ಹಾಗೇ ಮಾಡಿದರೆ, ಇಳಿಸುವಾಗ ಬರಬೇಕಾದ ಸಹಜ ಅನುಭವ ಬರುವುದಿಲ್ಲ. ಅದಕ್ಕೆ 50 ಅಡಿಯಲ್ಲಿ ಅದು ಮೂತಿಯ ಕೋನ ನೆನಪಿಟ್ಟುಕೊಳ್ಳುತ್ತದೆ. 30 ಅಡಿಯಿಂದ ಬೇಕೆಂದೇ ಮೂತಿಯನ್ನು ಮೆಲ್ಲಗೆ ಕೆಳಗೆ ಒತ್ತುತ್ತದೆ, ಎಂಟು ಸೆಕೆಂಡಿನಲ್ಲಿ ಎರಡು ಡಿಗ್ರಿ ಕೆಳಗೆ ಹೋಗುವ ಲೆಕ್ಕದಲ್ಲಿ. ನೀವು ಎಳೆಯಲಿ ಅಂತಲೇ ಹಾಗೆ. ನೀವು "ಮೆಲ್ಲಗೆ" ಎಳೆದದ್ದು ಅದು ಒತ್ತಿದ್ದಕ್ಕೇ ಖರ್ಚಾಯಿತು. ಮೂತಿ ಎತ್ತಲು ಏನೂ ಉಳಿಯಲಿಲ್ಲ. 30 ಅಂತ ಧ್ವನಿ ಕೇಳಿದಾಗ ಶುರು ಮಾಡಿ, ಹಿಡಿದೇ ಇರಿ, ಬಿಡಬೇಡಿ. 20ಕ್ಕೆ "ರಿಟಾರ್ಡ್" ಅನ್ನುತ್ತದೆ, ಲಿವರ್ ಐಡಲ್‌ಗೆ ಎಳೆಯಿರಿ. ಅದು ಬೈಗುಳ ಅಲ್ಲ, ನೆನಪಿಸುವುದು. ಕಣ್ಣು ರನ್‌ವೇಯ ಆ ತುದಿಗೆ.

ಇನ್ನೊಂದು, ಎಲ್ಲಕ್ಕಿಂತ ಮುಖ್ಯ: ಆರ್ಮ್‌ರೆಸ್ಟ್! ಅಲ್ಲಾಡುವ ಆರ್ಮ್‌ರೆಸ್ಟ್ ಮೇಲೆ ಯಾರಿಗೂ ಒಳ್ಳೆ ಲ್ಯಾಂಡಿಂಗ್ ಬರುವುದಿಲ್ಲ. ಮೊಣಕೈ ಊರಿರಬೇಕು, ಮಣಿಕಟ್ಟು ಮಾತ್ರ ಆಡಬೇಕು. ನಿಜ ವಿಮಾನದಲ್ಲಿ ಅದಕ್ಕೆ ಅಕ್ಷರ, ಅಂಕಿ ಬರೆದ ಸಣ್ಣ ಕಿಂಡಿಗಳಿವೆ. ಚಪ್ಪಲಿ ಸೈಜಿನ ಹಾಗೆ ಪ್ರತಿಯೊಬ್ಬರಿಗೂ ತಮ್ಮ ನಂಬರ್ ಬಾಯಿಪಾಠ.


ಘಾಟ್ಕೋಪರ್ ಟೆರೇಸ್ | ಸೋಮವಾರ, ಬೆಳಿಗ್ಗೆ 7.15

ಜುಲೈನಲ್ಲಿ ನೋಡಬೇಕು. ಎಡಗಡೆಯಿಂದ ಗಾಳಿ ಹೊಡೆಯುತ್ತದೆ, ವಿಮಾನಗಳು ಏಡಿಯ ಹಾಗೆ ಓರೆಯಾಗಿ ಬರುತ್ತವೆ. ಆಗ ಈ ಕೋಲು ಹೇಗೆ?


ಬಲಗಡೆ ಸೀಟು | ಸೋಮವಾರ, ಬೆಳಿಗ್ಗೆ 10.30

ಆಗ ಮುದ್ದೆ ತಿರುವುವವರು ಜಾಸ್ತಿ ಒದ್ದಾಡುತ್ತಾರೆ. ಪ್ರತಿ ಗಾಳಿಯ ಹೊಡೆತಕ್ಕೂ ವಿಮಾನ ತಾನೇ ಉತ್ತರ ಕೊಡುತ್ತಿರುತ್ತದೆ. ನೀವೂ ಕೊಟ್ಟರೆ ಎರಡೆರಡು ಉತ್ತರ. ಕೊನೆಯಲ್ಲಿ ಪೆಡಲ್ ಒತ್ತಿ ಮೂತಿ ರನ್‌ವೇಗೆ ನೇರ ಮಾಡಬೇಕು, ರೆಕ್ಕೆ ಏಳದ ಹಾಗೆ ಕೋಲು ಚೂರೇ ಚೂರು ಗಾಳಿಯ ಕಡೆಗೆ. ಒತ್ತಿ ಹಿಡಿದರೆ ವಾಲುತ್ತಲೇ ಹೋಗುತ್ತದೆ, ನೆನಪಿದೆಯಲ್ಲ, ಕೇಳುತ್ತಿರುವುದು ವಾಲುವ ವೇಗ.


ವಾಸ್ಕೋ ಗಾಳಿ | ಸೋಮವಾರ, ಬೆಳಿಗ್ಗೆ 11.10

ಎಲ್ಲರೂ ಫ್ರಾನ್ಸ್, ಅಮೆರಿಕ ಅಂತ ಹೋದಿರಿ. ನಮ್ಮದನ್ನೂ ಹೇಳಿ. ನಮ್ಮ ಯುದ್ಧವಿಮಾನ ತೇಜಸ್ ನಾಲ್ಕು ಪಟ್ಟು ಡಿಜಿಟಲ್ ಫ್ಲೈ ಬೈ ವೈರ್. ಅದರ ಕಂಟ್ರೋಲ್ ಲಾ ಬರೆದ ತಂಡ ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿತ್ತು. 1998ರ ಅಣು ಪರೀಕ್ಷೆ ಆದಮೇಲೆ ಅಮೆರಿಕದವರು ಸಹಾಯ ನಿಲ್ಲಿಸಿದರು. ನಮ್ಮವರು ತಾವೇ ಮುಗಿಸಿದರು. 2001ರ ಜನವರಿ 4ಕ್ಕೆ ಹಾರಿತು. ಪ್ರಯಾಣಿಕರ ವಿಮಾನ ಕಂಪ್ಯೂಟರ್ ಇಲ್ಲದೆಯೂ ಹೇಗೋ ಹಾರೀತು. ತೇಜಸ್ ಹಾಗಲ್ಲ, ಅದನ್ನು ಬೇಕೆಂದೇ ಅಸ್ಥಿರವಾಗಿ ಮಾಡಿದ್ದಾರೆ. ಕಂಪ್ಯೂಟರ್ ಒಂದು ಕ್ಷಣ ಕಣ್ಣು ಮುಚ್ಚಿದರೂ ಆಗುವುದಿಲ್ಲ.

ಅದರ ನೌಕಾಪಡೆ ರೂಪ ಇಲ್ಲೇ, ದಾಬೋಲಿಮ್‌ನ ಐಎನ್‌ಎಸ್ ಹಂಸಾದಲ್ಲಿ, 2014ರ ಡಿಸೆಂಬರ್‌ನಲ್ಲಿ ಸ್ಕೀ ಜಂಪ್‌ನಿಂದ, ಅಂದರೆ ತುದಿ ಮೇಲಕ್ಕೆ ಬಾಗಿದ ಚಿಕ್ಕ ಓಟದ ಹಾದಿಯಿಂದ, ಹಾರಿತು. ಆ ತುದಿ ದಾಟುವಾಗ ಪೈಲಟ್ ಕೋಲು ಹಿಡಿಯಬೇಕಿಲ್ಲ, ಕಂಟ್ರೋಲ್ ಲಾ ತಾನೇ ಮೇಲಕ್ಕೆ ಒಯ್ಯುತ್ತದೆ. ಫಿಲ್ಟರ್ ಮಾಮ, ಕೈ ಬಿಟ್ಟೇ ಹಾರುತ್ತಾರೆ!


ಮಾಟುಂಗಾ ಫಿಲ್ಟರ್ | ಸೋಮವಾರ, ಮಧ್ಯಾಹ್ನ 12.20

ಬೆಂಗಳೂರಿನವರು ಬರೆದದ್ದಾದರೆ ಸರಿ ಬಿಡಿ, ನಂಬೋಣ.


ಠಾಣೆ ಸ್ಲೋ | ಮುಂದಿನ ಭಾನುವಾರ, ಸಂಜೆ 7.30

ಮತ್ತೆ ಹೋಗಿದ್ದೆವು. ಬೇರೆ ಸೆಂಟರ್, ಎಸಿ ಓಡುತ್ತಿತ್ತು. ಆರ್ಮ್‌ರೆಸ್ಟ್ ಸರಿ ಮಾಡಿಕೊಳ್ಳಲು ಐದು ನಿಮಿಷ ತೆಗೆದುಕೊಂಡೆ. ಹೇಳಿಕೊಡುವವರು "ಮೊದಲು ಎಲ್ಲಿ ಕಲಿತಿರಿ?" ಅಂದರು. ಮಂಡ್ಯ ಅಂದೆ.

ಅಳಿಯ ಬಲಗಡೆ ಕೂತು ಪಟ್ಟಿ ಓದುತ್ತಾ ಬಂದ. ಇಳಿಯುವಾಗ ಒಮ್ಮೆ "ಮಾಮ, ಸ್ಪೀಡ್ ಅಂತ ಇಲ್ಲ, ಐಡಲ್ ಅಂತಿದೆ" ಅಂದ. ನೋಡಿದರೆ ಹೌದು, ನಾನೇ ಯಾವುದೋ ಗುಂಡಿ ಎಳೆದಿದ್ದೆ. ರನ್‌ವೇ ಎದುರಿಗೇ ಕಾಣುತ್ತಿತ್ತು, ನನ್ನ ಕಣ್ಣು ಪೂರ್ತಿ ಅಲ್ಲೇ ಇತ್ತು. ಅವನು ಹೇಳದಿದ್ದರೆ ನನಗೆ ತಿಳಿಯುತ್ತಲೇ ಇರಲಿಲ್ಲ. ಗೋ ಅರೌಂಡ್ ಮಾಡಿದೆವು, ಅಂದರೆ ಇಳಿಯುವುದು ಬಿಟ್ಟು ಮತ್ತೆ ಮೇಲೇರಿದೆವು. ಲಿವರ್ ಮುಂದಕ್ಕೆ ತಳ್ಳಿದ ಆ ಕ್ಷಣದಲ್ಲಿ ಕೈ ನಿಜಕ್ಕೂ ಬೆವರಿತ್ತು, ಸಿಮ್ಯುಲೇಟರ್ ಅಂತ ಗೊತ್ತಿದ್ದರೂ.

ಎರಡನೇ ಸಲ 30ಕ್ಕೆ ಎಳೆದು ಹಿಡಿದೆ. ಧಡ್ ಆಗಲಿಲ್ಲ. ರನ್‌ವೇ ಅರ್ಧ ಮುಗಿದ ಮೇಲೆ ಇಳಿದೆ, ಅದು ಬೇರೆ ಮಾತು.


ಬಲಗಡೆ ಸೀಟು | ಮುಂದಿನ ಭಾನುವಾರ, ರಾತ್ರಿ 9.15

ಅಳಿಯನನ್ನು ಓದಿಸಿ. ನೀವು ಲೋಕಲ್‌ನಲ್ಲೇ ಓಡಾಡಿ.